ಸದ್ದಿಲ್ಲದ ಥ್ಯಾಂಕ್ಯೂ

ಬಾಯಿ ತೆಗೆ. ನಾಲಿಗೆ ಎತ್ತು. ಈಗ ಥ್ಯಾಂಕ್ಯೂ ಅನ್ನು.

ಐವತ್ತು ದಾಟಿದ ಹೆಂಗಸಿಗೆ ಬಾಯಿ ತೆಗೆ ಅನ್ನುವವರು ಇಡೀ ಡಂಡೀ ಊರಿನಲ್ಲಿ ಇಬ್ಬರೇ. ಒಬ್ಬ ಹಲ್ಲಿನ ಡಾಕ್ಟರು. ಆತ ಥ್ಯಾಂಕ್ಯೂ ಕೇಳುವುದಿಲ್ಲ. ಇನ್ನೊಬ್ಬ ನಮ್ಮ ಬೀದಿಯ ಔಷಧ ಅಂಗಡಿಯ ಕ್ರೈಟನ್. ಆತ ದಿನಾ ಕೇಳುತ್ತಾನೆ, ಭಾನುವಾರ ಒಂದು ಬಿಟ್ಟು. ಭಾನುವಾರ ಅಂಗಡಿಗೆ ರಜೆ. ಹಾಗಾಗಿ ಆ ದಿನದ ಔಷಧವನ್ನು ಶನಿವಾರವೇ ಬಾಟಲಿಗೆ ಹಾಕಿ ಮನೆಗೆ ಕಳಿಸುತ್ತಾನೆ. ವಾರದಲ್ಲಿ ಆರು ದಿನ ನಾವು ಕಳ್ಳರು, ಒಂದು ದಿನ ನಂಬಿಕಸ್ಥರು.

ನನ್ನ ಹೆಸರು ರೋನಾ. ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತೇನೆ. ಬೆಳಗಿನ ಜಾವದಿಂದ ಸೊಂಟ ಬಗ್ಗಿಸಿ ಸೀಟಿನ ಅಡಿಯ ಚೂಯಿಂಗ್ ಗಮ್ ಕೆರೆಯುತ್ತೇನೆ. ವಾರದ ಕೊನೆಗೆ ಮರ್ಯಾದಸ್ಥರು ಕುಡಿದು ಮಾಡಿದ ವಾಂತಿಯನ್ನು ಬಳಿಯುತ್ತೇನೆ. ಹಿಂದೆ ಹೆರಾಯಿನ್ ತೆಗೆದುಕೊಳ್ಳುತ್ತಿದ್ದೆ. ಅದು ಹೇಗೆ ಅಂಟಿತು ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ಬಿಟ್ಟೆ ಅಂತ ಯಾರೂ ಕೇಳುವುದಿಲ್ಲ. ಈ ಹಸಿರು ಔಷಧದಿಂದ ಬಿಟ್ಟೆ. ಮೆಥಡೋನ್ ಅಂತ ಇದರ ಹೆಸರು. ಕೆಮ್ಮಿನ ಸಿರಪ್ಪಿನಂತೆ ಅಂಟಂಟು. ಇದನ್ನು ಕುಡಿದರೆ ತಲೆ ತಿರುಗುವುದಿಲ್ಲ, ಹಾಡು ಬರುವುದಿಲ್ಲ. ಎದ್ದು ಬಸ್ಸು ತೊಳೆಯಲು ಆಗುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಇದ್ದ ಹಾಗೆ ನಮಗೆ ಇದು. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕ್ರೈಟನ್ ಕುರ್ಚಿ ಕೊಡುತ್ತಾನೆ. ನಮಗೆ ಪಕ್ಕದ ಓಣಿ.

ಓಣಿಯಲ್ಲಿ ಕಸದ ತೊಟ್ಟಿಗಳ ಮಗ್ಗುಲಿಗೆ ಒಂದು ಕಿಟಕಿ. ಹನ್ನೊಂದರಿಂದ ಹನ್ನೆರಡರವರೆಗೆ ಅದು ತೆರೆದಿರುತ್ತದೆ. ಮಳೆ ಬಂದರೆ ನೆನೆಯಬೇಕು. ಒಳಗೆ ಒಂದು ಪುಟ್ಟ ಕೋಣೆ ಇದೆ, ಗುಟ್ಟಾಗಿ ಔಷಧ ಕೊಡಲಿ ಅಂತಲೇ ಕಟ್ಟಿಸಿದ್ದು. ಅದರಲ್ಲಿ ಕ್ರೈಟನ್ ಸೆಂಟು ಬಾಟಲಿಗಳ ಪೆಟ್ಟಿಗೆ ಜೋಡಿಸಿದ್ದಾನೆ. ಸೆಂಟಿಗೆ ಮಾನವಿದೆ, ನೆನೆಯಬಾರದು.

ನುಂಗಿದ್ದೇವೋ ಇಲ್ಲವೋ ಎಂದು ನೋಡುವುದು ಅವನ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. ಬಾಯಲ್ಲಿ ಇಟ್ಟುಕೊಂಡು ಹೋಗಿ ಹೊರಗೆ ಮಾರುವವರು ಇದ್ದಾರೆ. ನೀರು ಕುಡಿಸಲಿ, ಬಾಯಿ ನೋಡಲಿ, ಒಂದು ಮಾತು ಆಡಿಸಲಿ. ಆದರೆ ಆ ಮಾತು ಥ್ಯಾಂಕ್ಯೂ ಆಗಿರಬೇಕು, ಅಂಗಡಿಯ ಮುಂಭಾಗಕ್ಕೂ ಕೇಳಬೇಕು ಅನ್ನುವುದು ಕ್ರೈಟನ್ ತಾನೇ ಸೇರಿಸಿದ ಚಿಕಿತ್ಸೆ.

ಸಾಲಿನಲ್ಲಿ ನನ್ನ ಮುಂದೆ ನಿಲ್ಲುವ ಡೌಗಿ ಒಮ್ಮೆ ಕೇಳಿದ್ದ. ಡೌಗಿ ಹಡಗು ಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದವನು, ಬಾಯಿ ಇನ್ನೂ ಕಿಡಿ ಹಾರಿಸುತ್ತದೆ.

"ಥ್ಯಾಂಕ್ಯೂ ಯಾತಕ್ಕೆ ಸ್ವಾಮಿ? ನಮ್ಮೊಂದೊಂದು ಗುಟುಕಿಗೂ ಸರ್ಕಾರ ನಿಮಗೆ ದುಡ್ಡು ಕೊಡುತ್ತಲ್ಲ. ನೀವೇ ನಮಗೆ ಹೇಳ್ಬೇಕಪ್ಪ."

"ಮರ್ಯಾದೆ ಕಲಿಯೋದೂ ಚಿಕಿತ್ಸೇನೇ, ಡೌಗಿ," ಅಂದ ಕ್ರೈಟನ್, ನಗುತ್ತಾ. ಅವನು ಯಾವಾಗಲೂ ನಗುತ್ತಲೇ ಇರುತ್ತಾನೆ. ಬೈದರೆ ವಾಪಸ್ಸು ಬೈಯಬಹುದು. ನಗುವವನಿಗೆ ಏನು ಮಾಡುವುದು?

ನಮ್ಮಮ್ಮನಿಗೆ ಗೊತ್ತಿತ್ತು ಏನು ಮಾಡಬೇಕೆಂದು.

ಅಮ್ಮ ವಿಲ್ಮಾ ಸೆಣಬಿನ ಗಿರಣಿಯಲ್ಲಿ ನೇಯುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕೇಳುತ್ತಿರಲಿಲ್ಲವಂತೆ. ಅದಕ್ಕೆ ಆ ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದರು. ಬಾಯಿ ಅಗಲ ತೆರೆದು, ಒಂದೊಂದು ಅಕ್ಷರವನ್ನೂ ಅಗಿದು, ಸದ್ದೇ ಇಲ್ಲದೆ. ಆ ತುದಿಯಿಂದ ಈ ತುದಿಗೆ ಸುದ್ದಿ ಹೋಗುತ್ತಿತ್ತು. ಯಾರ ಹೊಟ್ಟೆ ಮುಂದೆ ಬಂದಿದೆ, ಯಾರ ಗಂಡ ಬಿಟ್ಟು ಹೋದ, ಎಲ್ಲ. ಅಮ್ಮನ ಕಿವಿ ಗಿರಣಿಗೇ ಹೋಯಿತು. ಮನೆಯಲ್ಲಿ ನಾನು, ಅಣ್ಣ ಅಲಿಸ್ಟರ್ ಇಬ್ಬರೂ ತುಟಿಯ ಮಾತು ಕಲಿತೆವು. ಊಟದ ಮೇಜಿನಲ್ಲಿ ಅಪ್ಪನ ಎದುರೇ ಅಪ್ಪನ ಚಾಡಿ ಹೇಳುತ್ತಿದ್ದೆವು.

ಗಿರಣಿಯ ಮೇಸ್ತ್ರಿ ಬೈದು ಬೆನ್ನು ತಿರುಗಿಸಿದ ಕೂಡಲೇ ಸಾಲಿನ ಹೆಂಗಸರೆಲ್ಲ ತುಟಿಯಲ್ಲಿ ಒಂದೇ ಮಾತು ಹೇಳುತ್ತಿದ್ದರಂತೆ: ನಿನ್ನ ಚಡ್ಡಿ ಜಾರಲಿ. ಅವನು ಥಟ್ಟನೆ ತಿರುಗಿದರೂ ಅವರು ಬಾಯಿ ಮುಚ್ಚುತ್ತಿರಲಿಲ್ಲ. ನಮಸ್ಕಾರ ಹೇಳಿದೆವು ಅನ್ನುತ್ತಿದ್ದರು.

ಅಮ್ಮ ಮುದುಕಿಯಾದ ಮೇಲೂ ಕೆಲವು ದಿನ ನನ್ನ ಜೊತೆ ಓಣಿಗೆ ಬರುತ್ತಿದ್ದಳು. ಚೀಲದಲ್ಲಿ ಕರಿಗಡುಬಿನಂಥ ಬಿಸಿ ಬ್ರೈಡಿ ಇರುತ್ತಿತ್ತು, ಮಾಂಸ ತುಂಬಿದ್ದು ನನಗೆ, ಈರುಳ್ಳಿಯದು ಡೌಗಿಗೆ. ನಾನು ಕಿಟಕಿಯಲ್ಲಿ ಥ್ಯಾಂಕ್ಯೂ ಅಂದಾಗ ಅಮ್ಮ ನನ್ನ ಹಿಂದೆ ನಿಂತು ಕ್ರೈಟನ್ನನಿಗೆ ಆ ಚಡ್ಡಿಯ ಮಾತನ್ನು ತುಟಿಯಲ್ಲಿ ಹೇಳುತ್ತಿದ್ದಳು. ಅವನು ನಕ್ಕು ಕೈಬೀಸುತ್ತಿದ್ದ. ಬೀದಿಯಲ್ಲಿ ನನ್ನ ಜೊತೆ ನಿಲ್ಲಲು ನಾಚದೇ ಇದ್ದವಳು ಅವಳೊಬ್ಬಳೇ. ಅವಳಿಲ್ಲದ ಮೇಲೆ ಅದು ನನಗೆ ಇನ್ನೂ ಚೆನ್ನಾಗಿ ಗೊತ್ತಾಗಿದೆ.

ಅಮ್ಮ ಸತ್ತಳು. ನಿದ್ದೆಯಲ್ಲಿ, ತೊಂದರೆ ಕೊಡದೆ.

ನಮ್ಮಲ್ಲಿ ಹೆಣವನ್ನು ಗುಂಡಿಗೆ ಇಳಿಸುವುದು ಮನೆಯವರೇ. ಪೆಟ್ಟಿಗೆಗೆ ಎಂಟು ಹಗ್ಗ. ಹಗ್ಗಕ್ಕೊಬ್ಬರು. ಯಾರಿಗೆ ಯಾವ ಹಗ್ಗ ಎಂದು ಮೊದಲೇ ಚೀಟಿ ಹಂಚುತ್ತಾರೆ. ತಲೆಯ ಕಡೆಯ ಮೊದಲ ಹಗ್ಗ ಹಿರಿಮಗನಿಗೆ. ಮದುವೆಗೆ ಕರೆಯದಿದ್ದರೆ ಜನ ಮರೆಯುತ್ತಾರೆ, ಹಗ್ಗ ಕೊಡದಿದ್ದರೆ ಮರೆಯುವುದಿಲ್ಲ.

ಅಲಿಸ್ಟರ್ ಅಮ್ಮನ ಮನೆಗೆ ಚೀಟಿಗಳ ಪಟ್ಟಿ ಹಿಡಿದು ಬಂದ. ಅವನಿಗೆ ಸಮುದ್ರ ಕಾಣುವ ಮನೆ ಇದೆ, ವಿಮೆಯ ಕಚೇರಿ ಇದೆ. ಹೆಂಡತಿ ಬಿಟ್ಟು ಹೋಗಿದ್ದಾಳೆ. ಅದು 'ಇದೆ' ಅನ್ನುವ ಪಟ್ಟಿಯಲ್ಲಿ ಸೇರುವುದಿಲ್ಲ. ಚಹಾ ಕೊಟ್ಟೆ. ಕುಡಿಯಲಿಲ್ಲ.

"ನನ್ನ ಹಗ್ಗ ಯಾವ್ದಣ್ಣ?"

"ಎಲ್ಲಾ ಹಂಚಾಯ್ತು, ರೋನಾ."

"ಯಾರ್ಯಾರಿಗೆ?"

ಹೇಳಿದ. ದಾಯಾದಿಗಳು, ಸೋದರಮಾವನ ಮಕ್ಕಳು, ಎಂಟನೆಯದು ಅವನ ಗಾಲ್ಫ್ ಕ್ಲಬ್ಬಿನ ಗೆಳೆಯ.

"ಅವನ್ಯಾರು? ಅಮ್ಮ ಅವನ ಮುಖ ನೋಡಿದ್ಲಾ?"

"ನಿನ್ನ ಕೈ ನಡುಗುತ್ತೆ ಕಣೇ. ಎಲ್ಲರ ಮುಂದೆ ಅಮ್ಮನ್ನ ಬೀಳಿಸ್ತೀಯ."

"ಔಷಧ ಕುಡಿದ್ರೆ ನಡುಗಲ್ಲ."

"ಕುಡಿದ್ರೆ," ಅಂದ. ಆ ಒಂದು ಮಾತಿನಲ್ಲಿ ನನ್ನ ಇಪ್ಪತ್ತು ವರ್ಷ ಇತ್ತು.

ಕೋಪ ನಾಲಿಗೆಯ ತುದಿಗೆ ಬಂತು. ಆದರೆ ಬೈಯಲಿಲ್ಲ, ನನಗೆ ಹಗ್ಗ ಬೇಕಿತ್ತು. "ಸರಿ, ಪರೀಕ್ಷೆ ಮಾಡು. ಗುಂಡಿ ಹತ್ರ ಕೈ ಚಾಚ್ತೀನಿ. ನಡುಗ್ತಾ ಇದ್ರೆ ಹಿಂದೆ ಹೋಗಿ ನಿಲ್ತೀನಿ. ನಡುಗದೆ ಇದ್ರೆ ಎಂಟನೇದು ನಂದು." ಅವನು ಆಯ್ತು ಅಂದ.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಮಣ್ಣು ಮಾಡುವ ದಿನ ರಜೆ ಬೇಕಾದರೆ ಹಿಂದಿನ ದಿನ ಹಗಲು ಪಾಳಿಯನ್ನೂ ಮಾಡು ಅಂದ ಡಿಪೋದವನು. ಮಾಡಿದೆ. ಹೊರಗೆ ಬರುವ ಹೊತ್ತಿಗೆ ಓಣಿಯ ಕಿಟಕಿ ಮುಚ್ಚಿತ್ತು. ಆ ದಿನದ ಔಷಧ ತಪ್ಪಿತು. ಮಾರನೆಯ ದಿನ ಕಿಟಕಿ ತೆರೆಯುವುದು ಹನ್ನೊಂದಕ್ಕೆ. ಅಮ್ಮನನ್ನು ಇಳಿಸುವುದೂ ಹನ್ನೊಂದಕ್ಕೆ.

ಫೋನು ಮಾಡಿದೆ. "ಅಂಗಡಿ ಒಂಬತ್ತಕ್ಕೇ ತೆಗೀತೀರಲ್ಲ. ನಾಳೆ ಒಂದು ದಿನ ಒಂಬತ್ತಕ್ಕೆ ಬರ್ಲಾ?"

"ಬೆಳಿಗ್ಗೆ ಸಾಮಾನ್ಯ ಗಿರಾಕಿಗಳ ಹೊತ್ತು, ರೋನಾ. ನಿಯಮ ನಿಯಮವೇ," ಅಂದ ಕ್ರೈಟನ್. ಫೋನಿನಲ್ಲೂ ನಗುತ್ತಿದ್ದ. ಕೇಳಿಸುತ್ತಿತ್ತು.

ಬೆಳಗಾಗುವಷ್ಟರಲ್ಲಿ ಮೈ ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳತೊಡಗಿತ್ತು. ಔಷಧ ತಪ್ಪಿದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲು ಆಕಳಿಕೆ. ಆಮೇಲೆ ಕಣ್ಣು ಮೂಗು ಸೋರುತ್ತವೆ. ಸೀನು ಬರುತ್ತದೆ, ನಿಲ್ಲುವುದಿಲ್ಲ. ಮೈ ಮುಳ್ಳೇಳುತ್ತದೆ, ಬೆವರುತ್ತದೆ, ಚಳಿಯೂ ಆಗುತ್ತದೆ. ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾರೆ. ಕಾಲು ತಾನಾಗಿ ಒದೆಯುತ್ತದೆ. ಇದಕ್ಕೆ ಮನಸ್ಸು ಗಟ್ಟಿ ಮಾಡು ಅನ್ನುತ್ತಾರೆ. ಭೇದಿಗೆ ಯಾರೂ ಮನಸ್ಸು ಗಟ್ಟಿ ಮಾಡು ಅನ್ನುವುದಿಲ್ಲ. ಕರಿ ಕೋಟು ಹಾಕಿಕೊಂಡೆ. ಅದರ ಗುಂಡಿ ಹಾಕಲು ಬೆರಳು ಒಪ್ಪಲಿಲ್ಲ.

ಒಂಬತ್ತಕ್ಕೆ ಮುಂಬಾಗಿಲಿನಿಂದಲೇ ಒಳಗೆ ಹೋದೆ.

ಒಳಗೆ ಎಫಿ ಚಿಕ್ಕಮ್ಮ ಇದ್ದಳು. ಅಮ್ಮನ ಪಕ್ಕದ ಮಗ್ಗದವಳು, ಒಡಹುಟ್ಟಿದವಳಲ್ಲದಿದ್ದರೂ ನಮಗೆಲ್ಲ ಚಿಕ್ಕಮ್ಮನೇ. ಜೊತೆಗೆ ಗಿರಣಿಯ ಇನ್ನಿಬ್ಬರು ಮುದುಕಿಯರು. ಎಲ್ಲರೂ ಮಣ್ಣಿಗೆ ಹೊರಟ ಕರಿ ಉಡುಪಿನಲ್ಲಿದ್ದರು. ಎಫಿ ತನ್ನ ನಿದ್ದೆ ಮಾತ್ರೆ ತೆಗೆದುಕೊಳ್ಳಲು ಬಂದಿದ್ದಳು. ಅದಿಲ್ಲದೆ ಅವಳು ಮಲಗಿ ಎಷ್ಟೋ ಕಾಲವಾಗಿದೆ. ಅದಕ್ಕೆ ಅಭ್ಯಾಸ ಅನ್ನುತ್ತಾರೆ. ಅವಳನ್ನು ಕ್ರೈಟನ್ ಮಿಸೆಸ್ ಬ್ರೆಮ್ನರ್ ಅಂತ ಕರೆದು ಕಾಗದದ ಚೀಲ ಕೈಗಿಡುತ್ತಿದ್ದ.

ನನ್ನನ್ನು ಕಂಡು ಅವನ ನಗು ಅರ್ಧಕ್ಕೆ ನಿಂತಿತು. "ರೋನಾ, ಹೇಳಿದ್ನಲ್ಲ."

"ಹೇಳಿದ್ರಿ. ನಾನು ಒಪ್ಪಲಿಲ್ಲ."

ಸೀನು ಬಂತು. ಮೂಗು ಒರೆಸಿಕೊಂಡೆ. ಬಾಗಿಲ ಬಳಿಯ ಒಬ್ಬ ಹೆಂಗಸು ತನ್ನ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

ಎಫಿ ಹೇಳಿದಳು, "ಕೊಟ್ಬಿಡಪ್ಪ. ಅವಳಮ್ಮನ್ನ ಮಣ್ಣು ಮಾಡ್ಬೇಕು. ನಮಗೇನು ಅವಸರ ಇಲ್ಲ. ವಿಲ್ಮಾಗಂತೂ ಇಲ್ವೇ ಇಲ್ಲ."

ಮೂವರು ಮುದುಕಿಯರು ಕದಲಲಿಲ್ಲ. ಕ್ರೈಟನ್ ಅವರನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಹೋಗಿ ಔಷಧ ಅಳೆದು ತಂದ. ಆದರೆ ಕೋಣೆಗೆ ಕರೆಯಲಿಲ್ಲ. ಎಲ್ಲರ ಎದುರು, ಗಲ್ಲಾಪೆಟ್ಟಿಗೆಯ ಪಕ್ಕ ಆ ಪುಟ್ಟ ಲೋಟ ಇಟ್ಟ. ಎರಡು ಕೈಯಲ್ಲಿ ಎತ್ತಿ ಕುಡಿದೆ. ನೀರು ಕುಡಿದೆ. ಬಾಯಿ ತೆಗೆದೆ. ನಾಲಿಗೆ ಎತ್ತಿದೆ.

"ಈಗ ಹೇಳು. ಇವತ್ತು ವಿಶೇಷವಾಗಿ ಹೇಳ್ಬೇಕು ನೀನು. ಗಟ್ಟಿಯಾಗಿ."

ಆಗ ನನಗೆ ಗೊತ್ತಾಯಿತು, ನಾನು ಹೇಳುವುದಿಲ್ಲ. ಇದುವರೆಗೆ ಹೇಳಿದ್ದು ಸಾಕು. ಮೂಗು ಸೋರುತ್ತಿತ್ತು, ಅವನು ಕಾಯುತ್ತಿದ್ದ. ನಾಳಿನ ಔಷಧ ಅವನ ಕೈಯಲ್ಲಿತ್ತು, ಅದೂ ಗೊತ್ತಿತ್ತು. ಬಾಯಿ ಅಗಲವಾಗಿ ತೆರೆದೆ. ಒಂದೊಂದು ಅಕ್ಷರವನ್ನೂ ಅಗಿದು, ಸದ್ದೇ ಇಲ್ಲದೆ ತುಟಿಯಲ್ಲಿ ಹೇಳಿದೆ.

ನಿನ್ನ ಚಡ್ಡಿ ಜಾರಲಿ.

ಎಫಿ ಚಿಕ್ಕಮ್ಮನ ಗಂಟಲಿನಿಂದ ಗೊರಕೆಯಂಥ ಸದ್ದೊಂದು ಬಂತು. ಪಕ್ಕದವಳು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಳು. ಮೂರನೆಯವಳು ಶ್ಯಾಂಪೂ ಬಾಟಲಿಗಳ ಕಡೆ ತಿರುಗಿ ಭುಜ ಕುಣಿಸತೊಡಗಿದಳು.

"ಏನಂದ್ಲು ಇವಳು?" ಅಂದ ಕ್ರೈಟನ್.

"ಥ್ಯಾಂಕ್ಯೂ ಅಂದ್ಲಪ್ಪ," ಅಂದಳು ಎಫಿ. "ನಮ್ಮ ಗಿರಣೀಲಿ ಹೀಗೇನೇ ಹೇಳ್ತಿದ್ದಿದ್ದು. ದೊಡ್ಡವರಿಗೆ."

"ನನಗೆ ಕೇಳಿಸ್ಲಿಲ್ಲ. ಕೇಳಿಸದೆ ಇದ್ರೆ ನುಂಗಿಲ್ಲ ಅಂತಲೇ ಅರ್ಥ. ನಾಳೆಯಿಂದ ಔಷಧ ನಿಲ್ಲಿಸ್ಬೇಕಾಗುತ್ತೆ."

"ಬಾಯಲ್ಲಿ ಔಷಧ ಇಟ್ಕೊಂಡು ಅಷ್ಟಗಲ ಬಾಯಿ ತೆಗೆಯೋಕೆ ಆಗುತ್ತಾ? ನೀನೇ ತೆಗೆದು ತೋರ್ಸು," ಅಂದಳು ಎಫಿ. ನನ್ನ ತೋಳು ಹಿಡಿದು ಹೊರಗೆ ನಡೆಸಿದಳು. ಬಾಗಿಲ ಹೊರಗೆ ನಿಂತು ನನ್ನ ಕೋಟಿನ ಗುಂಡಿ ಹಾಕಿದಳು. ಆಮೇಲೆ ನಾವು ನಾಲ್ವರೂ ಬಸ್ಸಿನಲ್ಲಿ ಅತ್ತೆವು, ನಕ್ಕೆವು. ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಹನ್ನೊಂದಕ್ಕೆ ಸ್ಮಶಾನದಲ್ಲಿ ನನ್ನ ಕೈ ಕಲ್ಲಿನಂತಿತ್ತು. ಔಷಧ ತನ್ನ ಕೆಲಸ ಮಾಡಿತ್ತು. ಅಲಿಸ್ಟರನ ಮುಂದೆ ಎರಡೂ ಕೈ ಚಾಚಿದೆ.

ಅವನು ನೋಡಿದ. ಮುಖ ತಿರುಗಿಸಿಕೊಂಡ. ಅವನ ಹಿಂದೆ ಗಾಲ್ಫ್ ಗೆಳೆಯ ಎಂಟನೆಯ ಚೀಟಿಯನ್ನು ಜೇಬಿನಿಂದ ತೆಗೆದು ನಿಂತಿದ್ದ. ನಮ್ಮ ಪರೀಕ್ಷೆಯ ವಿಷಯವನ್ನು ಅಣ್ಣ ಅವನಿಗೆ ಹೇಳಿಯೇ ಇರಲಿಲ್ಲ. ಅಂದರೆ ನಾನು ಸೋಲುತ್ತೇನೆ ಅಂತ ಪಕ್ಕಾ ಮಾಡಿಕೊಂಡೇ ಬಂದಿದ್ದ. ನನಗೆ ಬಂದ ಸಿಟ್ಟಿಗೆ ಅಮ್ಮನ ಜೊತೆ ಅವನನ್ನೂ ಇಳಿಸಿಬಿಡೋಣ ಅನ್ನಿಸಿತು. ಹಿಂದೆ ಸರಿದು ಎಫಿಯ ಪಕ್ಕ ನಿಂತೆ.

ಶವಪೆಟ್ಟಿಗೆಯವನು ಮೊದಲನೆಯ ಹಗ್ಗದವನನ್ನು ಕರೆದ. ಅಲಿಸ್ಟರ್ ಮುಂದೆ ಬಂದ. ಆಗ ಅವನ ಕೈ ನೋಡಿದೆ.

ನಡುಗುತ್ತಿತ್ತು. ಹಗ್ಗದ ಕುಚ್ಚು ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು. ಹಣೆಯಲ್ಲಿ ಬೆವರು, ಅದೂ ಈ ಚಳಿಯಲ್ಲಿ. ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ದಿನಾ ಸಾಲಿನಲ್ಲಿ ನಿಲ್ಲುವವಳು ನಾನು. ಹೆಂಡತಿ ಯಾಕೆ ಹೋದಳು, ನನ್ನ ಚಹಾದ ಕಪ್ಪು ಯಾಕೆ ಎತ್ತಲಿಲ್ಲ, ಎಲ್ಲ ಒಟ್ಟಿಗೆ ಅರ್ಥವಾಯಿತು. ಅಮ್ಮನಿಗೆ ಮರ್ಯಾದೆ ಕೊಡಬೇಕೆಂದು ದಿನಾ ಕುಡಿಯುತ್ತಿದ್ದ ವಿಸ್ಕಿಯನ್ನು ಒಮ್ಮೆಗೇ ನಿಲ್ಲಿಸಿ ಬಂದಿದ್ದ, ಮೂರ್ಖ.

ಅವನು ತಲೆಯೆತ್ತಿ ಗುಂಡಿಯ ಆಚೆಯಿಂದ ನನ್ನನ್ನು ನೋಡಿದ. ತುಟಿ ಅಲ್ಲಾಡಿತು. ಸದ್ದಿಲ್ಲ.

ರೋನಾ, ಬಾ.

ಪಾದ್ರಿಗೆ ಕಾಣಲಿಲ್ಲ, ಗೆಳೆಯನಿಗೆ ಕಾಣಲಿಲ್ಲ. ಗಿರಣಿಯ ಮುದುಕಿಯರಿಗೆ ಕಂಡಿತು. ಮೂವರೂ ಒಟ್ಟಿಗೆ ಆಕಾಶ ನೋಡಿದರು. ನಾನು ಹೋಗಿ ಅವನ ಪಕ್ಕ ನಿಂತೆ. ಹಗ್ಗವನ್ನು ನನ್ನ ಅಂಗೈಗೆ ಒಂದು ಸುತ್ತು ಹಾಕಿಕೊಂಡೆ. ಅವನ ಕೈಯನ್ನು ನನ್ನ ಕೈ ಮೇಲೆ ಇಟ್ಟುಕೊಂಡೆ. ಎಂಟನೆಯದು ಕೇಳಿದವಳಿಗೆ ಮೊದಲನೆಯದು ಸಿಕ್ಕಿತು. ಅಮ್ಮನನ್ನು ಒಂದಿಷ್ಟೂ ಓಲಾಡಿಸದೆ ಇಳಿಸಿದೆವು. ಕೊನೆಗೆ ಹಗ್ಗ ಬಿಡುವಾಗ ನಾನು ಜೋರಾಗಿ ಅತ್ತೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮಣ್ಣಿನ ಊಟಕ್ಕೆ ಮಾಂಸದ ಪೈ ಇತ್ತು. ಅಣ್ಣ ತಟ್ಟೆಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದ.

"ಯಾವಾಗ ನಿಲ್ಸಿದ್ದು?"

"ನಿನ್ನೆ ಬೆಳಿಗ್ಗೆ." ತಟ್ಟೆಯನ್ನು ಆಚೆ ತಳ್ಳಿ ಹೇಳಿದ, "ಗೋಡೆ ಮೇಲೆ ಏನೋ ಹರಿದಾಡಿದ ಹಾಗಾಯ್ತು ಕಣೇ, ಬೆಳಗಿನ ಜಾವ."

"ಏಳು. ಡಾಕ್ಟರ ಹತ್ರ ಹೋಗ್ಬೇಕು. ಈಗಲೇ."

"ಊಟ..."

"ನನ್ನದು ತಪ್ಪಿದ್ರೆ ಸತ್ರೆ ಸಾಕು ಅನ್ಸುತ್ತೆ ಅಷ್ಟೇ. ನಿನ್ನದನ್ನ ಒಮ್ಮೆಗೇ ನಿಲ್ಸಿದ್ರೆ ನಿಜವಾಗ್ಲೂ ಸಾಯ್ಬಹುದು. ಫಿಟ್ಸ್ ಬರುತ್ತೆ. ನಮ್ಮ ಸಾಲಲ್ಲಿ ಒಬ್ಬ ಹಾಗೇ ಹೋದ. ಇವತ್ತೇ ಇನ್ನೊಂದು ಗುಂಡಿ ತೋಡ್ಸೋಕೆ ನನ್ನ ಹತ್ರ ಬೇರೆ ಕೋಟಿಲ್ಲ."

ಎದ್ದ. ಡಾಕ್ಟರು ನಾಲಿಗೆ ನೋಡಿದರು, ನಾಡಿ ನೋಡಿದರು, ಕೈ ಚಾಚಿಸಿದರು. ಸಂಜೆಗೆ ಆಗುವಷ್ಟು ಮಾತ್ರೆ ಅಲ್ಲೇ ಕೊಟ್ಟರು. ದಿನದಿನಕ್ಕೆ ಕಡಿಮೆ ಮಾಡುತ್ತಾ ಹೋಗುವ ಮಾತ್ರೆ, ಜೊತೆಗೆ ಜೀವಸತ್ವ. ಉಳಿದದ್ದನ್ನು ಔಷಧ ಅಂಗಡಿಯಿಂದ ದಿನಾ ತೆಗೆದುಕೊಳ್ಳಿ, ಮನೆಯಲ್ಲಿ ಜೊತೆಗೆ ಯಾರಾದರೂ ಇರಲೇಬೇಕು ಅಂದರು.

"ತಂಗಿ ಇದ್ದಾಳೆ," ಅಂದ ಅಲಿಸ್ಟರ್. ಅದನ್ನು ಅವನೇ ಹೇಳಿದ, ನಾನು ಕೇಳಿಸಿಕೊಂಡೆ.

ನನಗೆ ಮೆಥಡೋನ್ ಬರೆದುಕೊಡುವ ಕ್ಲಿನಿಕ್ಕಿಗೂ ಫೋನು ಮಾಡಿದೆ. ನೀರು ಕುಡಿದು ಬಾಯಿ ತೆಗೆದರೆ ಸಾಕು, ಥ್ಯಾಂಕ್ಯೂ ಯಾವ ನಿಯಮದಲ್ಲೂ ಇಲ್ಲ, ಅವನ ಜೊತೆ ಮಾತಾಡುತ್ತೇನೆ ಅಂದಳು ನರ್ಸು.

ಮಾರನೆಯ ದಿನ ಅಣ್ಣ ಮುಂಬಾಗಿಲಿನಿಂದ ಹೋದ. ನಾನು ಓಣಿಗೆ ಹೋದೆ. ಎಫಿ ಆಗಲೇ ಡೌಗಿಗೆ ಕಥೆ ಮುಟ್ಟಿಸಿದ್ದಳು. ಡೌಗಿ ಇಡೀ ಸಾಲಿಗೆ ಪಾಠ ಮಾಡಿದ್ದ. ಕಸದ ತೊಟ್ಟಿಗಳ ಪಕ್ಕ ಎಲ್ಲರೂ ತುಟಿ ಅಗಲಿಸಿ ಅಭ್ಯಾಸ ಮಾಡುತ್ತಿದ್ದರು, ಬಲೆಯಿಂದ ಹೊರಗೆ ಬಿದ್ದ ಮೀನುಗಳ ಹಾಗೆ.

ಕಿಟಕಿಯಿಂದ ಅಂಗಡಿಯ ಒಳಗೆಲ್ಲ ಕಾಣುತ್ತದೆ. ಕ್ರೈಟನ್ ನನ್ನ ಅಣ್ಣನಿಗೆ ಕುರ್ಚಿ ಎಳೆದ. ದನಿ ತಗ್ಗಿಸಿದ. ತಾನೇ ಒಂದು ಲೋಟ ನೀರು ತಂದಿಟ್ಟ. "ಬಹಳ ಧೈರ್ಯದ ನಿರ್ಧಾರ ಸರ್," ಅಂದ. ಆಮೇಲೆ ಕಿಟಕಿಗೆ ಬಂದ. ನರ್ಸಿನ ಫೋನು ಬಂದಿತ್ತು ಅಂತ ಮುಖ ಹೇಳುತ್ತಿತ್ತು. ಲೋಟ ಕೊಟ್ಟ. ಕುಡಿದೆ. ಬಾಯಿ ತೆಗೆದೆ.

"ನಿಯಮ ಇಲ್ದೇ ಇರ್ಬಹುದು. ಸಂಸ್ಕಾರ ಅಂತ ಒಂದಿದೆ," ಅಂದ.

ತುಟಿಯಲ್ಲಿ ಹೇಳಿದೆ. ಅವತ್ತು ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದ ಡೌಗಿ ಅದೇ ಚಡ್ಡಿಯ ಮಾತು ಹೇಳಿದ. ಅವನ ಹಿಂದಿನವಳು ಹೇಳಿದಳು. ಸಾಲಿನ ತುದಿಯವರೆಗೂ ಹೋಯಿತು, ಪಿಟ್ಟೆಂಬ ಸದ್ದಿಲ್ಲದೆ.

ಕ್ರೈಟನ್ ಅಣ್ಣನ ಕಡೆ ತಿರುಗಿ ನಕ್ಕ. "ಕ್ಷಮಿಸಿ ಸರ್. ಇವರು ಹೀಗೇನೇ. ಇವರಿಗೂ ನಿಮಗೂ ಹೋಲಿಕೆ ಇಲ್ಲ ಬಿಡಿ."

ಅಲಿಸ್ಟರ್ ಕುರ್ಚಿಯಿಂದ ಎದ್ದ. ಕಾಗದದ ಚೀಲ ಹರಿದು ಆ ಹೊತ್ತಿನ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ. ನೀರು ಕುಡಿದ. ಕ್ರೈಟನ್ನನ ಮುಖಕ್ಕೆ ಎದುರಾಗಿ ನಿಂತು ಬಾಯಿ ತೆಗೆದ. ನಾಲಿಗೆ ಎತ್ತಿದ.

"ಅಯ್ಯೋ, ನಿಮಗೆ ಅದೆಲ್ಲ ಬೇಡ ಸರ್," ಅಂದ ಕ್ರೈಟನ್.

ಅಣ್ಣ ಬಾಯಿ ಇನ್ನೂ ಅಗಲಿಸಿದ. ವಿಲ್ಮಾಳ ಮಗ, ಒಂದಕ್ಷರವನ್ನೂ ಬಿಡದೆ ಅಗಿದು, ಅದೇ ಮಾತನ್ನು ತುಟಿಯಲ್ಲೇ ಹೇಳಿದ.

"ಏನಂದ್ರಿ ಸರ್?"

"ಥ್ಯಾಂಕ್ಯೂ," ಅಂದ ಅಲಿಸ್ಟರ್, ಅಂಗಡಿಯ ಮೂಲೆಮೂಲೆಗೂ ಕೇಳುವ ಹಾಗೆ.

ನಗು ತಡೆಯಲಾಗದೆ ಓಣಿಯ ಸಾಲಿನಲ್ಲಿ ಎಲ್ಲರ ಬಾಯೂ ತೆರೆದುಕೊಂಡಿತು. ಯಾರೂ ತೆಗೆ ಅಂದಿರಲಿಲ್ಲ.